ಹೊಟ್ಟೆಗೆ ಗೊತ್ತಾಗಬೇಕು

ಮಗುವಿಗೆ ಆಗ ಏಳು ವಾರ. ರಾತ್ರಿ ಹನ್ನೊಂದಕ್ಕೆ ಶುರುವಾದ ಅಳು ಎರಡು ಗಂಟೆಯಾದರೂ ನಿಂತಿರಲಿಲ್ಲ. ಹೆಂಡತಿ ಸುಸ್ತಾಗಿ ಒಳಗೆ ಮಲಗಿದ್ದಳು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಟಿವಿ ಸ್ಟ್ಯಾಂಡಿನಿಂದ ಚಪ್ಪಲಿ ಸ್ಟ್ಯಾಂಡಿನವರೆಗೆ, ಅಲ್ಲಿಂದ ಮತ್ತೆ ಟಿವಿ ಸ್ಟ್ಯಾಂಡಿಗೆ ಓಡಾಡುತ್ತಿದ್ದೆ. ಕಾಲು ಮಡಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಉಸಿರು ಕಟ್ಟಿ ಅಳುವ ಅಳು. ಅನುಭವಿಸಿದವರಿಗೆ ಗೊತ್ತು. ಮಕ್ಕಳ ಡಾಕ್ಟರು ಮೊದಲೇ ಹೇಳಿದ್ದರು: ಇದು ಎಷ್ಟೋ ಮಕ್ಕಳಿಗೆ ಬರುತ್ತೆ, ಮೂರು ನಾಲ್ಕು ತಿಂಗಳಿಗೆ ತಾನಾಗೇ ಹೋಗುತ್ತೆ, ಎತ್ತಿಕೊಳ್ಳಿ, ತೇಗು ಬರಿಸಿ, ಗ್ರೈಪ್ ವಾಟರ್ ಮಾತ್ರ ಬೇಡ. ನಾನು ಜಾಣನ ಹಾಗೆ ತಲೆಯಾಡಿಸಿ ಬಂದಿದ್ದೆ.

ಅಷ್ಟರಲ್ಲಿ ಅಮ್ಮ ಎದ್ದು ಬಂದಳು. ಕೈಯಲ್ಲಿ ಬಾಟಲಿ. ಊರಿನಿಂದ ಬರುವಾಗಲೇ ಸೀರೆಗಳ ಮಧ್ಯೆ ಇಟ್ಟುಕೊಂಡು ಬಂದಿದ್ದಳಂತೆ.

"ಕೊಡೋ ಅರ್ಧ ಚಮಚ. ನಿನಗೂ ಇದನ್ನೇ ಕುಡಿಸಿ ಬೆಳೆಸಿದ್ದು."

"ಡಾಕ್ಟ್ರು ಬೇಡ ಅಂದಿದಾರಮ್ಮ."

"ಡಾಕ್ಟ್ರು ಅವರ ಮನೇಲಿ ನಿದ್ದೆ ಮಾಡ್ತಿದಾರೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಟ್ಟೆ. ನಾಲಿಗೆಗೆ ಸಿಹಿ ಬಿದ್ದದ್ದೇ ತಡ, ಮಗು ಅಳು ನಿಲ್ಲಿಸಿ ಬಾಯಿ ಚಪ್ಪರಿಸಿತು. ಹುಬ್ಬು ಮೇಲೇರಿತು. ಒಂದು ದೊಡ್ಡ ತೇಗು. ಹತ್ತು ನಿಮಿಷಕ್ಕೆ ನಿದ್ದೆ. "ನಾಟ್ತು ನೋಡು" ಅಂತ ಹೇಳಿ ಅಮ್ಮ ಮಲಗಲು ಹೋದಳು.

ನನಗೆ ಮಾತ್ರ ನಿದ್ದೆ ಹಾರಿಹೋಗಿತ್ತು. ಮಗುವನ್ನು ಮಲಗಿಸಿದ್ದು ಸಕ್ಕರೆಯಾ, ತೇಗಾ, ಮೂರು ಗಂಟೆ ಅತ್ತ ಸುಸ್ತಾ? ಗೊತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಯಾರಾದರೂ ಕಾಗದ ಪೆನ್ನು ಕೊಟ್ಟಿದ್ದರೆ ಆ ಬಾಟಲಿಗೆ ಸರ್ಟಿಫಿಕೇಟ್ ಬರೆದು ಸಹಿ ಹಾಕಿಬಿಡುತ್ತಿದ್ದೆ. ಇದೇ ನನ್ನನ್ನು ಕಾಡಿದ್ದು. ಏಕೆಂದರೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಔಷಧಿ ಜಾಹೀರಾತುಗಳನ್ನು ಹುಡುಕಿ ಓದುವುದು ನನಗೊಂದು ಹುಚ್ಚು. "ಇಪ್ಪತ್ತು ವರ್ಷದಿಂದ ನರಳುತ್ತಿದ್ದೆ, ನಿಮ್ಮ ಎರಡು ಡಬ್ಬಿ ಮಾತ್ರೆಯಲ್ಲಿ ಎದ್ದು ಓಡಾಡುತ್ತಿದ್ದೇನೆ" ಅನ್ನೋ ಥರದ ಪತ್ರಗಳು ಅವುಗಳ ತುಂಬಾ ಇರುತ್ತವೆ. ಎಂಥಾ ಪೆದ್ದು ಜನ ಅಂತ ನಗುತ್ತಿದ್ದೆ. ಆ ರಾತ್ರಿಯಿಂದ ನಗು ಸ್ವಲ್ಪ ಕಮ್ಮಿಯಾಗಿದೆ.

ಸಬ್ಬಸಿಗೆ ಮತ್ತು ಅಫೀಮು

ಮೊಬೈಲ್ ಟಾರ್ಚ್ ಹಾಕಿ ಬಾಟಲಿಯ ಹಿಂದೆ ಬರೆದದ್ದನ್ನು ಓದಿದೆ. ಅಡುಗೆ ಸೋಡಾ, ಸಬ್ಬಸಿಗೆ ಎಣ್ಣೆ, ಸಿಹಿ. ಸಬ್ಬಸಿಗೆ! ಬಾಣಂತಿಗೆ ಅಂತ ಅಮ್ಮ ವಾರಕ್ಕೆರಡು ಸಲ ಮಾರ್ಕೆಟ್ಟಿನಿಂದ ತರಿಸುತ್ತಿದ್ದ ಅದೇ ಸೊಪ್ಪು. ಅಡುಗೆಮನೆಯಲ್ಲೇ ಇದ್ದದ್ದು ಬಾಟಲಿಯೊಳಗೂ ಸೇರಿಕೊಂಡಿತ್ತು. ಆದರೆ ಈ ಬಾಟಲಿ ನಮ್ಮ ಅಜ್ಜಿಯರ ಕಂಡುಹಿಡಿಕೆ ಅಲ್ಲ. 1851ರಲ್ಲಿ ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ ಅನ್ನುವ ಔಷಧಿ ಅಂಗಡಿಯವನು ಬೆರೆಸಿದ್ದು. ಜೌಗು ಸೀಮೆಯ ಜ್ವರ ಬಂದ ಮಕ್ಕಳಿಗೆ ಕೊಡುತ್ತಿದ್ದ ಮದ್ದನ್ನು ನೋಡಿ ಅವನು ಇದನ್ನು ಮಾಡಿದನಂತೆ. ಮೊದಲ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ನೀರಿನ ಜೊತೆಗೆ 3.6 ಪರ್ಸೆಂಟ್ ಆಲ್ಕೋಹಾಲೂ ಇತ್ತು. 1876ರಲ್ಲಿ ಗ್ರೈಪ್ ವಾಟರ್ ಅನ್ನುವ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡ. ಬ್ರಿಟನ್ನಿನಲ್ಲಿ ಆಲ್ಕೋಹಾಲ್ ಪೂರ್ತಿ ಹೋಗಿದ್ದು 1990ರ ದಶಕದಲ್ಲಿ. ಅಲ್ಲಿಯವರೆಗಿನ ಅಜ್ಜಿಯರು "ಕೊಟ್ಟ ತಕ್ಷಣ ಮಲಗುತ್ತೆ" ಅಂದರೆ ಅದರಲ್ಲಿ ಆಶ್ಚರ್ಯ ಏನಿದೆ?

ಆದರೂ ಆ ಊರಿನಲ್ಲಿ, ಆ ಕಾಲದಲ್ಲಿ, ಮಕ್ಕಳಿಗೆ ಕುಡಿಸುತ್ತಿದ್ದ ಬೇರೆ ವಸ್ತುಗಳನ್ನು ನೋಡಿದರೆ ವುಡ್‌ವರ್ಡ್ ಸಾಧು ಮನುಷ್ಯ. ನಾಟಿಂಗ್‌ಹ್ಯಾಮ್ ಲೇಸಿಗೆ ಹೆಸರಾದ ಊರು. ಹೆಂಗಸರು ಬೆಳಗಿನಿಂದ ರಾತ್ರಿವರೆಗೆ ಕೂತು ಲೇಸಿನ ಕೆಲಸ ಮಾಡಬೇಕು, ಎಷ್ಟು ಮಾಡಿದರೆ ಅಷ್ಟು ಕೂಲಿ. ಪಕ್ಕದಲ್ಲಿ ಕೂಸು. ಕೂಸು ಅತ್ತರೆ ಕೂಲಿ ಹೋಯಿತು. ಅದಕ್ಕೆ ಗಾಡ್‌ಫ್ರೀಸ್ ಕಾರ್ಡಿಯಲ್ ಇತ್ತು. ಕಾಕಂಬಿ, ನೀರು, ಒಂದಿಷ್ಟು ಮಸಾಲೆ, ಅಫೀಮು. ಇಂಥವುಗಳಲ್ಲಿ ಒಂದರ ಹೆಸರೇ 'ಕ್ವಯಟ್‌ನೆಸ್'. ಸುಮ್ಮನಿರುವಿಕೆಯನ್ನೇ ಸೀಸೆಯಲ್ಲಿ ತುಂಬಿ ಮಾರಿದ ಹಾಗೆ. ಒಂದೊಂದು ಅಂಗಡಿಯವನ ಪಾಕ ಒಂದೊಂದು ಹದ. ಎಷ್ಟು ಅಫೀಮು ಅಂತ ಹೇಳುವವರಿಲ್ಲ. ಅದು ತಳಕ್ಕೆ ಇಳಿದು ಕೂರುವುದೂ ಇತ್ತು. ಮೇಲಿನ ಚಮಚಗಳನ್ನು ಕುಡಿದು ಆರಾಮಾಗಿದ್ದ ಕೂಸು ಕೊನೆಯ ಚಮಚಕ್ಕೆ ಹೋಗಿಬಿಡುತ್ತಿತ್ತು. ಇನ್ನು ಕೆಲವು ಕೂಸುಗಳು ನಿಧಾನವಾಗಿ ಹೋದವು. ಅಫೀಮಿನ ಮಂಪರಿನಲ್ಲಿ ಹಸಿವು ತಿಳಿಯಲ್ಲ, ಹಾಲಿಗೆ ಅಳಲ್ಲ. ಅಳದ ಮಗುವಿಗೆ ಹಾಲು ಕೊಡಬೇಕು ಅಂತ ಯಾರಿಗೂ ನೆನಪಾಗಲ್ಲ. ಒಣಗಿ ಸಾಯುತ್ತಿದ್ದವು.

ಆ ತಾಯಂದಿರನ್ನು ಬೈಯುವುದು ಸುಲಭ, ಆಗಿನ ಪತ್ರಿಕೆಗಳು ಬೈದವು ಕೂಡ. ಆದರೆ ಇದು ಬರೀ ಇಂಗ್ಲೆಂಡಿನ ಕಥೆ ಅಲ್ಲ. ಬೊಂಬಾಯಿಯ ಮಿಲ್ಲುಗಳಿಗೆ ಕೆಲಸಕ್ಕೆ ಹೋಗುತ್ತಿದ್ದ ತಾಯಂದಿರು ಮಕ್ಕಳಿಗೆ 'ಬಾಲ ಗೋಲಿ' ಅನ್ನುವ ಅಫೀಮಿನ ಗುಳಿಗೆ ಕೊಟ್ಟು ಹೋಗುತ್ತಿದ್ದರು. ನಮ್ಮ ಕಡೆ ಜಾಯಿಕಾಯಿ ತೇಯ್ದು ನೆಕ್ಕಿಸುತ್ತಾರೆ. ಅದೂ ಜಾಸ್ತಿಯಾದರೆ ಒಳ್ಳೆಯದಲ್ಲ. ನಾನಂತೂ ಕೂಲಿಗೆ ಹೋಗಬೇಕಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಲ್ಯಾಪ್‌ಟಾಪ್ ತೆರೆಯಬೇಕಿತ್ತು, ಅಷ್ಟೇ. ಆದರೂ ಕೊಟ್ಟೆ.

ಭಾನುವಾರದ ಹರಳೆಣ್ಣೆ

ಈ ಔಷಧಿಗಳಿಗೆ ಪೇಟೆಂಟ್ ಔಷಧಿ ಅನ್ನುವ ಹೆಸರೇ ಒಂದು ತಮಾಷೆ. ಮುಕ್ಕಾಲು ಪಾಲಿಗೆ ಪೇಟೆಂಟ್ ಇರಲೇ ಇಲ್ಲ. ಪೇಟೆಂಟ್ ಬೇಕಂದರೆ ಒಳಗೆ ಏನಿದೆ ಅಂತ ಬರೆದು ಕೊಡಬೇಕು. ಗುಟ್ಟು ಬಿಟ್ಟರೆ ಇವರ ಹತ್ತಿರ ಇನ್ನೇನಿತ್ತು? ಆದರೆ ಪ್ರತಿ ಡಬ್ಬಿಯ ಮೇಲೂ ಸರ್ಕಾರದ ಸ್ಟ್ಯಾಂಪ್ ಇರುತ್ತಿತ್ತು. ಅದು ಬರೀ ತೆರಿಗೆ ಚೀಟಿ. ಜನ ಅದನ್ನು ಸರ್ಕಾರವೇ ಒಪ್ಪಿ ಹಾಕಿದ ಮುದ್ರೆ ಅಂದುಕೊಂಡರು, ಮಾರುವವರು ಹಾಗಲ್ಲ ಅಂತ ಹೇಳುವ ಗೋಜಿಗೆ ಹೋಗಲಿಲ್ಲ. ಒಂದು ಶಿಲ್ಲಿಂಗ್ ಮಾಲಿಗೆ ಒಂದೂವರೆ ಪೆನ್ನಿ ತೆರಿಗೆ. ಅದಕ್ಕೇ ಆ ಕಾಲದ ಯಾವ ಜಾಹೀರಾತು ನೋಡಿದರೂ ಒಂದು ಶಿಲ್ಲಿಂಗ್ ಒಂದೂವರೆ ಪೆನ್ನಿ ಅನ್ನುವ ವಿಚಿತ್ರ ಬೆಲೆ.

ಥಾಮಸ್ ಬೀಚಮ್ ಕುರಿ ಕಾಯುವ ಹುಡುಗನಾಗಿದ್ದವನು. ಮೊದಲು ಕುರಿ ದನಗಳಿಗೆ ಸೊಪ್ಪು ಸದೆ ಅರೆದು ಕೊಡುತ್ತಿದ್ದ, ಆಮೇಲೆ ಮನುಷ್ಯರಿಗೆ. 1859ರಲ್ಲಿ ಸೇಂಟ್ ಹೆಲೆನ್ಸ್ ಊರಿನಲ್ಲಿ ಮಾತ್ರೆಗಳ ಕಾರ್ಖಾನೆ ಹಾಕಿದ. "ಡಬ್ಬಿಗೆ ಒಂದು ಗಿನಿ ಬೆಲೆಬಾಳುತ್ತೆ" ಅನ್ನುವುದು ಅವನ ಘೋಷಣೆ. ಗಿನಿ ಅಂದರೆ 21 ಶಿಲ್ಲಿಂಗ್. ಹೊಟ್ಟೆಯುಬ್ಬರ, ತಲೆನೋವು, ತಲೆಸುತ್ತು, ಉಬ್ಬಸ, ಚಳಿ, ಹಸಿವಿಲ್ಲದಿರುವುದು, ನಿದ್ದೆ ಕೆಡುವುದು, ಕೊನೆಗೆ ಕೆಟ್ಟ ಕನಸು, ಎಲ್ಲಕ್ಕೂ ಅದೇ ಮಾತ್ರೆ. ಕೆಟ್ಟ ಕನಸಿಗೆ ಮಾತ್ರೆ ಅನ್ನುವುದು ನನಗೆ ಬಹಳ ಇಷ್ಟವಾದ ಸಾಲು. ರಾಣಿ ತೀರಿಕೊಂಡ ಮೇಲೆ, 1909ರಲ್ಲಿ, ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಇಂಥ ಗುಟ್ಟಿನ ಮದ್ದುಗಳನ್ನೆಲ್ಲ ಒಡೆದು ನೋಡಿ ಒಂದು ಪುಸ್ತಕವನ್ನೇ ಹಾಕಿತು. ಬೀಚಮ್ ಮಾತ್ರೆಯಲ್ಲಿ ಇದ್ದದ್ದು ಮೂರು ವಸ್ತು: ಲೋಳೆಸರದ ಒಣಗಿದ ರಸ, ಶುಂಠಿ ಪುಡಿ, ಸಾಬೂನಿನ ಪುಡಿ. ಡಬ್ಬಿಯಲ್ಲಿ 56 ಮಾತ್ರೆ. ಅಷ್ಟಕ್ಕೂ ಸೇರಿ ಮಾಲಿನ ಖರ್ಚು ಸುಮಾರು ಅರ್ಧ ಫಾರ್ದಿಂಗ್. ಒಂದು ಶಿಲ್ಲಿಂಗಿಗೆ ಹನ್ನೆರಡು ಪೆನ್ನಿ, ಒಂದು ಪೆನ್ನಿಗೆ ನಾಲ್ಕು ಫಾರ್ದಿಂಗ್. ಲೆಕ್ಕ ಹಾಕಿ ನೋಡಿದೆ, ಮಾರುವ ಬೆಲೆ ಸರಿಯಾಗಿ 108 ಪಟ್ಟು. ಅಷ್ಟೋತ್ತರ ಆದ ಹಾಗಾಯಿತು. ಸರ್ಕಾರದ ಸ್ಟ್ಯಾಂಪಿಗೆ ಹೋಗುತ್ತಿದ್ದ ಒಂದೂವರೆ ಪೆನ್ನಿಯೇ ಮದ್ದಿನ ಖರ್ಚಿನ 12 ಪಟ್ಟು. ಮೋಸದಲ್ಲಿ ಸರ್ಕಾರಕ್ಕೂ ಒಂದು ಪಾಲು ಅಂತಾಯ್ತು ಅಲ್ವಾ?

ಆದರೆ ಮೋಸ ಅಂದುಬಿಟ್ಟರೆ ಕಥೆ ಮುಗಿಯಲ್ಲ. ಆ ಮಾತ್ರೆ ಕೆಲಸ ಮಾಡುತ್ತಿತ್ತು. ಲೋಳೆಸರದ ಒಣರಸ ಒಳ್ಳೆ ಭೇದಿ ಮದ್ದು. ರಾತ್ರಿ ನುಂಗಿದರೆ ಬೆಳಿಗ್ಗೆ ಗೊತ್ತಾಗುತ್ತೆ, ಚೆನ್ನಾಗಿಯೇ ಗೊತ್ತಾಗುತ್ತೆ. ಅದಕ್ಕೂ ಮುಂಚೆ ಜೇಮ್ಸ್ ಮಾರಿಸನ್ ಅನ್ನುವವನು ಸಕಲ ರೋಗಕ್ಕೂ ರಕ್ತ ಕೆಡುವುದೇ ಕಾರಣ, ಹೊಟ್ಟೆ ತೊಳೆಯುವುದೇ ಮದ್ದು ಅಂತ ಸಾರಿ ಕೋಟ್ಯಾಧೀಶನಾಗಿದ್ದ.

ಹೊಟ್ಟೆ ತೊಳೆಯುವುದು ಅಂದ ತಕ್ಷಣ ನನಗೆ ನಮ್ಮಜ್ಜಿಯ ಹಿತ್ತಲು ನೆನಪಾಗುತ್ತೆ. ಬೇಸಿಗೆ ರಜೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮನ್ನೆಲ್ಲ ಸಾಲಾಗಿ ಕೂರಿಸುತ್ತಿದ್ದಳು. ಆರು ಜನ ಮೊಮ್ಮಕ್ಕಳು. ಕೈಯಲ್ಲಿ ಹಿತ್ತಾಳೆ ಲೋಟ, ಬಿಸಿ ಕಾಫಿ, ಕಾಫಿಯ ಮೇಲೆ ಹರಳೆಣ್ಣೆ ತೇಲುತ್ತಿರುತ್ತಿತ್ತು. ಮೂಗು ಹಿಡಿದು ಬಾಯಿಗೆ ಸುರಿಯುವುದು. ಆ ಕಾಫಿ ವಾಸನೆ ನನಗೆ ಎಷ್ಟೋ ವರ್ಷ ಹೊಟ್ಟೆ ತೊಳಸುತ್ತಿತ್ತು. ಮಧ್ಯಾಹ್ನದವರೆಗೆ ಹಿತ್ತಲಿಗೂ ಮನೆಗೂ ಓಟ. ಅಜ್ಜಿ ಜಗಲಿಯ ಮೇಲೆ ಕೂತು ಲೆಕ್ಕ ಇಡುತ್ತಿದ್ದಳು. "ಎಷ್ಟು ಸಲ ಆಯ್ತೋ?" ನಾಲ್ಕು ಅಂದರೆ ಮುಖ ಅರಳುತ್ತಿತ್ತು. ಎರಡೇ ಅಂದರೆ "ಇನ್ನೂ ಹೋಗಿಲ್ಲ ಕಲ್ಮಶ" ಅನ್ನುತ್ತಿದ್ದಳು. ಸಂಜೆಗೆ ಸಾರನ್ನ. ಆ ಸಾರನ್ನದ ರುಚಿ, ಆ ಹಗುರ, ಮೈಯೆಲ್ಲ ಹೊಸದಾದ ಹಾಗೆ ಅನ್ನಿಸುತ್ತಿದ್ದದ್ದು ಸುಳ್ಳಲ್ಲ. ನಮಗೆ ಯಾವ ರೋಗವೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಬೀಚಮ್‌ನ ಗಿರಾಕಿಗಳಿಗೆ ಸಿಕ್ಕಿದ್ದೂ ಇದೇ ಸಂಜೆಯ ಸಾರನ್ನ ಅಂತ ನನಗೆ ಅನ್ನಿಸುತ್ತೆ. ಮದ್ದು ಒಳಗೆ ಹೋಗಿ ಏನೋ ಮಾಡಿತು ಅಂತ ಹೊಟ್ಟೆಗೆ ಗೊತ್ತಾಗಬೇಕು. ಅಷ್ಟು ಗೊತ್ತಾದರೆ ಉಳಿದದ್ದನ್ನು ನಾವೇ ನಂಬಿಕೊಳ್ಳುತ್ತೇವೆ. ಆಗಿನ ದೊಡ್ಡ ಡಾಕ್ಟರುಗಳೂ ಬೇರೇನು ಮಾಡುತ್ತಿರಲಿಲ್ಲ. ಜಿಗಣೆ ಬಿಟ್ಟು ರಕ್ತ ತೆಗೆಯುತ್ತಿದ್ದರು, ಪಾದರಸದ ಪುಡಿ ಕೊಟ್ಟು ಬಾಯಲ್ಲಿ ಜೊಲ್ಲು ಸುರಿಸುತ್ತಿದ್ದರು. ಅವರ ಫೀಸಿನ ಮುಂದೆ ಒಂದು ಶಿಲ್ಲಿಂಗ್ ಒಂದೂವರೆ ಪೆನ್ನಿಯ ಶುಂಠಿ-ಸಾಬೂನಿನ ಮಾತ್ರೆ ಎಷ್ಟೋ ವಾಸಿ. ಆ ಕಾಲದಲ್ಲಿ ನಾನಿದ್ದಿದ್ದರೆ ಬೀಚಮ್ ಮಾತ್ರೆಯನ್ನೇ ನುಂಗುತ್ತಿದ್ದೆ.

ಬ್ಯಾಂಡ್ ಯಾಕೆ ಬಾರಿಸುತ್ತಿದ್ದರು

ನಮ್ಮೂರ ಸಂತೆಯಲ್ಲಿ ಒಬ್ಬ ಬರುತ್ತಿದ್ದ. ಒಂದು ಬುಟ್ಟಿಯಲ್ಲಿ ಹಾವು, ಗೂಟಕ್ಕೆ ಕಟ್ಟಿದ ಮುಂಗುಸಿ. ಈಗ ಜಗಳ, ಇನ್ನೇನು ಜಗಳ ಅಂತ ಗಂಟೆಗಟ್ಟಲೆ ಜನ ಸೇರಿಸುತ್ತಿದ್ದ. ಎಷ್ಟು ವಾರ ನಿಂತು ಕಾದರೂ ಆ ಹಾವು ಮುಂಗುಸಿ ಜಗಳ ನಾನು ನೋಡಲೇ ಇಲ್ಲ. ಅಷ್ಟರಲ್ಲಿ ಎಣ್ಣೆ ಬಾಟಲಿಗಳು ಹೊರಗೆ ಬಂದಿರುತ್ತಿದ್ದವು. ಒಂದು ಸಲ ಮಂಡಿ ನೋವಿನ ನಮ್ಮ ತಾತನನ್ನೇ ಮುಂದೆ ಕೂರಿಸಿಕೊಂಡ. ಪಂಚೆ ಮೇಲೆತ್ತಿ, ಅಂಗೈ ತುಂಬ ಎಣ್ಣೆ ಸುರಿದು, ಬಾಯಲ್ಲಿ ಮಾತು ನಿಲ್ಲಿಸದೆ ಉಜ್ಜಿದ, ಉಜ್ಜಿದ, ಉಜ್ಜುತ್ತಲೇ ಇದ್ದ. ಕರ್ಪೂರದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆಮೇಲೆ "ಏಳಿ ಯಜಮಾನ್ರೇ" ಅಂದ. ತಾತ ಎದ್ದು ಕೋಲಿಲ್ಲದೆ ಹತ್ತು ಹೆಜ್ಜೆ ನಡೆದರು. ಜನ ಚಪ್ಪಾಳೆ ತಟ್ಟಿದರು. ನನಗಂತೂ ಹೆಮ್ಮೆಯಿಂದ ಎದೆ ಉಬ್ಬಿತ್ತು. ಎರಡು ಬಾಟಲಿ ತೆಗೆದುಕೊಂಡು ಬಂದೆವು. ಮನೆಯಲ್ಲಿ ಅಷ್ಟು ಹೊತ್ತು ಉಜ್ಜುವವರು ಯಾರು? ಬಾಟಲಿ ಗೂಡಿನಲ್ಲೇ ಉಳಿಯಿತು. ತಾತನ ಕೋಲೂ ಉಳಿಯಿತು.

ಬಹಳ ವರ್ಷ ಆದಮೇಲೆ ಸೆಕ್ವಾ ಬಗ್ಗೆ ಓದುವಾಗ ಈ ಸಂತೆಯವನೇ ಕಣ್ಣಮುಂದೆ ಬಂದ. 1880ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಊರೂರಿಗೆ ಬಣ್ಣಬಣ್ಣದ ಗಾಡಿಯಲ್ಲಿ ಸೆಕ್ವಾ ಬರುತ್ತಿದ್ದ. ಅಮೆರಿಕದ ಕಾಡುಜನರ ಗುಟ್ಟು ತಿಳಿದವನ ವೇಷ. ನಿಜದಲ್ಲಿ ಅವನು ವಿಲಿಯಂ ಹಾರ್ಟ್ಲಿ ಅನ್ನುವ ಇಂಗ್ಲಿಷಿನವನು. ಗಾಡಿಯ ಮೇಲೆ ನಿಂತು ಪುಕ್ಕಟೆ ಹಲ್ಲು ಕೀಳುತ್ತಿದ್ದ. ಜೊತೆಗೆ ಬ್ಯಾಂಡ್ ಸೆಟ್. ಹಲ್ಲು ಕಿತ್ತಾಗ ಕಿರುಚಿದ್ದು ಯಾರಿಗೂ ಕೇಳಬಾರದು ಅಂತ ಬ್ಯಾಂಡ್ ಜೋರಾಗಿ ಬಾರಿಸುತ್ತಿದ್ದರು. ಕೀಲುನೋವಿನವರು ಬಂದರೆ ಅವನ ಕಡೆಯವರು ಎಣ್ಣೆ ಹಾಕಿ ಚೆನ್ನಾಗಿ ಉಜ್ಜಿ ಎಬ್ಬಿಸಿ ನಡೆಸುತ್ತಿದ್ದರು. ಆಮೇಲೆ ಎಣ್ಣೆಯ ಮಾರಾಟ. ಆ ಎಣ್ಣೆಯಲ್ಲಿದ್ದದ್ದು ಟರ್ಪೆಂಟೈನ್, ಕರ್ಪೂರ, ಮೀನೆಣ್ಣೆ. ಬಿಸಿ ಅನ್ನಿಸುತ್ತೆ, ಉರಿಯುತ್ತೆ, ವಾಸನೆ ಬರುತ್ತೆ. ಹೊಟ್ಟೆಗೆ ಬದಲು ಚರ್ಮಕ್ಕೆ ಗೊತ್ತಾಗುತ್ತೆ, ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ಕೈಗುಣ ಅಂತ ಒಂದು ಮಾತಿದೆ. ಸೆಕ್ವಾನ ಎಣ್ಣೆಗಿಂತ ಆ ಉಜ್ಜಿದ ಕೈಗಳಿಗೆ ಜಾಸ್ತಿ ಗುಣ ಇತ್ತೇನೋ. ಕೈಯನ್ನು ಬಾಟಲಿಗೆ ತುಂಬಿ ಮಾರಕ್ಕೆ ಆಗಲ್ಲವಲ್ಲ.

ನಿಜವಾಗಿ ಕೆಲಸ ಮಾಡಿದ ಮದ್ದು

ಇವೆಲ್ಲದರ ನಡುವೆ ಒಂದು ಔಷಧಿ ನಿಜವಾಗಿಯೂ ಕೆಲಸ ಮಾಡುತ್ತಿತ್ತು, ಮತ್ತು ಅದು ಹುಟ್ಟಿದ್ದು ನಮ್ಮ ದೇಶದಲ್ಲಿ. ಜಾನ್ ಕಾಲಿಸ್ ಬ್ರೌನ್ ಬ್ರಿಟಿಷ್ ಸೇನೆಯ ಡಾಕ್ಟರು. 1840ರ ದಶಕದ ಕೊನೆಯಲ್ಲಿ ಇಂಡಿಯಾದಲ್ಲಿದ್ದಾಗ ಕಾಲರಾಕ್ಕೆ ಅಂತ ಒಂದು ಪಾಕ ಮಾಡಿದ. ಕ್ಲೋರೋಡೈನ್ ಅಂತ ಹೆಸರಿಟ್ಟು 1856ರಿಂದ ಲಂಡನ್ನಿನಲ್ಲಿ ಮಾರಾಟಕ್ಕೆ ಬಿಟ್ಟರು. ಅಫೀಮಿನ ಸತ್ವ, ಕ್ಲೋರೋಫಾರಂ, ಗಾಂಜಾ ಅರ್ಕ, ಪುದೀನದ ಎಣ್ಣೆ. ಇಷ್ಟು ಹಾಕಿದ ಮೇಲೆ ಕೆಲಸ ಮಾಡದೆ ಏನು? ಭೇದಿ ಕಟ್ಟುತ್ತೆ, ಕೆಮ್ಮು ನಿಲ್ಲುತ್ತೆ, ನೋವು ಹೋಗುತ್ತೆ, ನಿದ್ದೆ ಬರುತ್ತೆ. ಇಂಡಿಯಾಕ್ಕೆ ಹಡಗು ಹತ್ತುವ ದೊರೆಗಳು ಪೆಟ್ಟಿಗೆಯಲ್ಲಿ ಒಂದು ಸೀಸೆ ಇಟ್ಟುಕೊಂಡೇ ಬರುತ್ತಿದ್ದರು. ಬೇರೆಯವರೂ ಅದೇ ಹೆಸರಿನಲ್ಲಿ ಮಾರಲು ಶುರುಮಾಡಿ, ಯಾರದ್ದು ಅಸಲಿ ಅಂತ 1864ರಲ್ಲಿ ಕೋರ್ಟಿಗೂ ಹೋದರು. ಆಮೇಲೆ ಪ್ರತಿ ಜಾಹೀರಾತಿನಲ್ಲೂ "ನಮ್ಮದೇ ಅಸಲಿ" ಅಂತ ಕೋರ್ಟಿನ ಮಾತನ್ನೇ ಹಾಕಿಕೊಂಡರು. ಕಾಲರಾದಲ್ಲಿ ಜನ ಸಾಯುವುದು ಮೈಯಲ್ಲಿ ನೀರು ಆರಿ. ಉಪ್ಪು ಸಕ್ಕರೆ ನೀರು ಕುಡಿಸುತ್ತಾ ಹೋದರೆ ಬದುಕುತ್ತಾರೆ ಅನ್ನುವುದು ಎಲ್ಲರಿಗೂ ತಿಳಿಯಲು ಇನ್ನೂ ನೂರು ವರ್ಷ ಬೇಕಿತ್ತು. ಕ್ಲೋರೋಡೈನ್ ಕುಡಿದವರಿಗೆ ಸಂಕಟ ಮಾತ್ರ ತಿಳಿಯುತ್ತಿರಲಿಲ್ಲ. ಎಷ್ಟೋ ಜನ ಅದಕ್ಕೇ ಅಂಟಿಕೊಂಡರು, ಎಷ್ಟೋ ಜನ ಅದನ್ನೇ ಜಾಸ್ತಿ ಕುಡಿದು ಸತ್ತರು. 1868ರಲ್ಲಿ ಅಫೀಮಿನ ಮಾರಾಟಕ್ಕೆ ಕಡಿವಾಣ ಹಾಕುವ ಕಾನೂನು ಬಂತು, ಆದರೆ ಪೇಟೆಂಟ್ ಔಷಧಿಗಳನ್ನು ಅದರಿಂದ ಹೊರಗಿಟ್ಟರು.

ಯಾಕೆ ಹೊರಗಿಟ್ಟರು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸ್ಟ್ಯಾಂಪಿನ ದುಡ್ಡು ಸರ್ಕಾರಕ್ಕೆ, ಜಾಹೀರಾತಿನ ದುಡ್ಡು ಪತ್ರಿಕೆಗಳಿಗೆ. ಥಾಮಸ್ ಹಾಲೋವೇ ಅನ್ನುವ ಮಾತ್ರೆ-ಮುಲಾಮಿನ ಸಾಹುಕಾರ 1842ರಲ್ಲೇ ಜಾಹೀರಾತಿಗೆ ವರ್ಷಕ್ಕೆ 5,000 ಪೌಂಡ್ ಸುರಿಯುತ್ತಿದ್ದ, 1883ರಲ್ಲಿ ಸಾಯುವ ಹೊತ್ತಿಗೆ 50,000. ಅದೇ ದುಡ್ಡಿನಲ್ಲಿ ಹೆಣ್ಣುಮಕ್ಕಳಿಗೆ ಕಟ್ಟಿಸಿದ ಕಾಲೇಜನ್ನು 1886ರಲ್ಲಿ ರಾಣಿಯೇ ಬಂದು ಉದ್ಘಾಟಿಸಿದಳು. ಇವತ್ತಿಗೂ ಅಲ್ಲಿ ಹುಡುಗ ಹುಡುಗಿಯರು ಓದುತ್ತಿದ್ದಾರೆ. 152 ವರ್ಷ ಬದುಕಿದ ಅಂತ ಕಥೆಯಿರುವ ಓಲ್ಡ್ ಪಾರ್ ಅನ್ನುವ ಮುದುಕನ ಹೆಸರಿನಲ್ಲಿ ಮಾತ್ರೆ ಮಾರಿದ ಹರ್ಬರ್ಟ್ ಇಂಗ್ರಾಮ್, ಆ ಲಾಭದಲ್ಲೇ 1842ರಲ್ಲಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆ ಶುರುಮಾಡಿದ. ಇಂಥ ಮಾತ್ರೆಯ ಗುಟ್ಟು ಪತ್ರಿಕೆಯಲ್ಲಿ ಬರುತ್ತೆ ಅಂತ ಕಾಯುವುದು ಹೇಗೆ? 1909ರ ಆ ಪುಸ್ತಕದ ಜಾಹೀರಾತು ಹಾಕಲು ಎಷ್ಟೋ ಪತ್ರಿಕೆಗಳು ಒಪ್ಪಲೇ ಇಲ್ಲ. ಪಾರ್ಲಿಮೆಂಟಿನ ಸಮಿತಿ ಎರಡು ವರ್ಷ ವಿಚಾರಣೆ ಮಾಡಿ ವರದಿ ಹೊರಗೆ ತಂದದ್ದು 1914ರ ಆಗಸ್ಟ್ 4ರಂದು. ಅವತ್ತೇ ಬ್ರಿಟನ್ ಮಹಾಯುದ್ಧಕ್ಕೆ ಇಳಿಯಿತು. ವರದಿ ಯಾರಿಗೆ ಬೇಕಿತ್ತು?

ಈನೋ ಮತ್ತು ಇಡ್ಲಿ

ಈಗ ನಮ್ಮ ಮನೆಯ ಗೂಡಿಗೆ ಬರುತ್ತೇನೆ. ಅಮೃತಾಂಜನ ಇದೆ, 1893ರಲ್ಲಿ ಬೊಂಬಾಯಿಯಲ್ಲಿ ನಾಗೇಶ್ವರ ರಾವ್ ಪಂತುಲು ಶುರುಮಾಡಿದ್ದು. ಅವರು ಸಂಗೀತ ಕಛೇರಿಗಳಲ್ಲಿ ಪುಕ್ಕಟೆ ಹಂಚಿ ಜನರಿಗೆ ರೂಢಿ ಮಾಡಿಸಿದರಂತೆ, ಮುಂದೆ ಪತ್ರಿಕೆಯನ್ನೂ ನಡೆಸಿದರು. ಪಕ್ಕದಲ್ಲಿ ಈನೋ. ನ್ಯೂಕಾಸಲ್‌ನ ಜೇಮ್ಸ್ ಕ್ರಾಸ್ಲಿ ಈನೋ ಬಂದರಿನ ನಾವಿಕರಿಗೆ ಮಾರಿ ಬೆಳೆಸಿದ ಹಣ್ಣಿನುಪ್ಪು. ಆಗಿನ ಜಾಹೀರಾತಿನಲ್ಲಿ ಇದು ಜ್ವರಗಳನ್ನು ತಡೆಯುತ್ತಿತ್ತು, ರಕ್ತ ಶುದ್ಧ ಮಾಡುತ್ತಿತ್ತು. ಈಗ ಅಮ್ಮ ಅದನ್ನು ದಿಢೀರ್ ರವೆ ಇಡ್ಲಿಗೆ ಹಾಕುತ್ತಾಳೆ. ಹಿಟ್ಟಿನ ಮೇಲೆ ಪುಡಿ ಉದುರಿಸಿ, ಒಂದು ಚಮಚ ನೀರು ಬಿಟ್ಟರೆ ಬುಸ್ ಅಂತ ನೊರೆ ಉಕ್ಕುತ್ತೆ. "ನೋಡು, ಕೆಲಸ ಮಾಡ್ತಿದೆ" ಅನ್ನುತ್ತಾಳೆ. ಈ ಒಂದು ವಿಷಯದಲ್ಲಿ ನನ್ನದು ಪೂರ್ತಿ ಒಪ್ಪಿಗೆ.

ಮಗುವಿಗೆ ಈಗ ಐದು ತಿಂಗಳು. ಅಮ್ಮ ಊರಿಗೆ ಹೋಗಿ ಎರಡು ತಿಂಗಳಾಯಿತು. ಆ ರಾತ್ರಿಯ ಅರ್ಧ ಚಮಚದ ನಂತರ ನಾನು ಬಾಟಲಿ ಮುಟ್ಟಿಲ್ಲ. ಡಾಕ್ಟರ ಹತ್ತಿರ ಒಪ್ಪಿಕೊಂಡೂ ಬಂದೆ, ಅವರು ಬೈಯಲಿಲ್ಲ, "ಎಲ್ಲರೂ ಒಂದು ಸಲ ಕೊಡ್ತಾರೆ" ಅಂದರು. ಅಳು ಅವರು ಹೇಳಿದ ಲೆಕ್ಕಕ್ಕೆ ಸರಿಯಾಗಿ ಮೂರೂವರೆ ತಿಂಗಳಿಗೆ ನಿಂತಿತು. ಬಾಟಲಿ ಮಾತ್ರ ಅಮೃತಾಂಜನದ ಪಕ್ಕದಲ್ಲಿ ಹಾಗೇ ಇದೆ, ಎಸೆದಿಲ್ಲ.

ನಿನ್ನೆ ಅಮ್ಮ ಫೋನ್ ಮಾಡಿದ್ದಳು.

"ಕೂಸು ಅಳ್ತಾ ಇದ್ಯೇನೋ ರಾತ್ರಿ?"

"ಇಲ್ಲಮ್ಮ, ಆರಾಮಾಗಿ ಮಲಗುತ್ತೆ."

"ಕೊಡ್ತಿದೀಯ ತಾನೇ, ದಿನಾ ಅರ್ಧ ಚಮಚ?"

"ಹೂಂ" ಅಂದೆ.

"ಅದಕ್ಕೇ ಮತ್ತೆ" ಅಂದಳು.